ಮ್ಯಾಕ್ಸ್‌ವೆಲ್‌ನ ಭೂತ ಮತ್ತು ಮಿಥ್ಯಾ ಜಾಲದ ಬಾಗಿಲು

ಉಷ್ಣಗತಿವಿಜ್ಞಾನದ ಎರಡನೆಯ ನಿಯಮವನ್ನು ಪಾಠ ಮಾಡಿದ ಅಧ್ಯಾಪಕರಿಗೂ ಓದಿದ ವಿದ್ಯಾರ್ಥಿಗಳಿಗೂ ಮ್ಯಾಕ್ಸ್‌ವೆಲ್‌ನ ಭೂತ ಹೊಸತಲ್ಲ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ತನ್ನ ಗೆಳೆಯ ಪೀಟರ್ ಟೇಟ್‌ಗೆ ಬರೆದ ಪತ್ರದಲ್ಲಿ ಅದನ್ನು ಮೊದಲು ಕಲ್ಪಿಸಿದ. ಅನಿಲ ತುಂಬಿದ ಪೆಟ್ಟಿಗೆ, ನಡುವೆ ಗೋಡೆ, ಗೋಡೆಯಲ್ಲೊಂದು ಪುಟ್ಟ ಬಾಗಿಲು, ಬಾಗಿಲ ಬಳಿ ಕಾವಲು ಕುಳಿತ ಚುರುಕು ಬುದ್ಧಿಯ ಒಂದು ಸತ್ತ್ವ. ವೇಗದ ಅಣುಗಳನ್ನು ಒಂದು ಕಡೆಗೂ ನಿಧಾನದ ಅಣುಗಳನ್ನು ಇನ್ನೊಂದು ಕಡೆಗೂ ಬಿಡುವುದಷ್ಟೇ ಅದರ ಕೆಲಸ. 1874ರಲ್ಲಿ ಅದಕ್ಕೆ ‘ಡೀಮನ್’ ಎಂಬ ಹೆಸರು ಕೊಟ್ಟವನು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು.

ಈ ಭೂತ ಭೌತವಿಜ್ಞಾನದ ಪುಸ್ತಕದಿಂದ ಗಣಕದೊಳಕ್ಕೆ ಹೊಕ್ಕ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. 1963ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಐಬಿಎಂ 7094 ಗಣಕದ ಮೇಲೆ ಕೆಲಸ ಮಾಡುತ್ತಿತ್ತು. ಬಳಕೆದಾರನಿಗೆ ಕಾಣದಂತೆ, ಯಾರೂ ಕರೆಯದೆಯೇ, ಹಿನ್ನೆಲೆಯಲ್ಲಿ ಸದಾ ದುಡಿಯುವ ಪ್ರೋಗ್ರಾಂಗಳಿಗೆ ಅವರು ‘ಡೀಮನ್’ ಎಂದು ಹೆಸರಿಟ್ಟರು. ಮ್ಯಾಕ್ಸ್‌ವೆಲ್‌ನ ಕಲ್ಪನೆಯೇ ಅದಕ್ಕೆ ಸ್ಫೂರ್ತಿ ಎಂದು ಕೊರ್ಬಾಟೊ ಅವರೇ ಮುಂದೆ ತಿಳಿಸಿದ್ದಾರೆ. ಗ್ರೀಕರ ‘ಡೈಮೋನ್’ ಕೆಡುಕಿನ ಪಿಶಾಚಿಯಲ್ಲ. ಕಣ್ಣಿಗೆ ಬೀಳದೆ ಮನುಷ್ಯರ ಜೊತೆಗಿರುವ ಶಕ್ತಿ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಭೂತವೆಂದರೆ ಊರು ಕಾಯುವ ದೈವ.

ಬಾಗಿಲು ಕಾಯುವ ಅಂಥದೊಂದು ಡೀಮನ್ ಬಗೆಗೆ ಈ ಲೇಖನ. ಅದು ಕುಳಿತಿರುವುದು ಎರಡು ಲೋಕಗಳ ನಡುವಿನ ಬಾಗಿಲಲ್ಲಿ. ಒಂದು ಕಡೆ ತಂತ್ರಾಂಶದಲ್ಲಿ ಮಾತ್ರ ಇರುವ ಮಿಥ್ಯಾ ಜಾಲ. ಇನ್ನೊಂದು ಕಡೆ ತಂತಿ, ಪೋರ್ಟು, ಮಿನುಗುವ ದೀಪಗಳಿರುವ ವಾಸ್ತವದ ಸ್ವಿಚ್ಚು. ಅದರ ಹೆಸರು ಓವಿಎನ್-ಕಂಟ್ರೋಲರ್-ವಿಟೆಪ್. ಹೆಸರು ಒರಟಾಗಿದೆ, ನಿಜ. ಆದರೆ ಅದರ ಹಿಂದಿರುವ ವಿಚಾರಕ್ಕೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

ಈಥರ್ ಹೋಯಿತು, ಈಥರ್ನೆಟ್ ಬಂತು

1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆ ಅವರ ಪ್ರಯೋಗ ಈಥರಿನ ಸುಳಿವನ್ನು ಹುಡುಕಿ ಸೋತಿತು. ಆ ಹೆಸರು ಮಾತ್ರ ಸಾಯಲಿಲ್ಲ. 1973ರ ಮೇ 22ರಂದು ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಒಂದು ಟಿಪ್ಪಣಿ ಬರೆದರು. ಒಂದೇ ಕೇಬಲ್ಲಿಗೆ ಹಲವು ಗಣಕಗಳನ್ನು ಜೋಡಿಸಿ, ಎಲ್ಲರ ಮಾತೂ ಎಲ್ಲರಿಗೂ ಕೇಳಿಸುವಂತೆ ಮಾಡುವ ಯೋಜನೆ ಅದು. ಎಲ್ಲೆಡೆಯೂ ವ್ಯಾಪಿಸಿರುವ ಮಾಧ್ಯಮ ಎಂಬ ಅರ್ಥದಲ್ಲಿ ಅದು ‘ಈಥರ್ನೆಟ್’ ಎನಿಸಿಕೊಂಡಿತು.

ಜಾಲ ಬೆಳೆದಂತೆ ಒಂದೇ ಕೇಬಲ್ಲಿನಲ್ಲಿ ಎಲ್ಲರೂ ಮಾತಾಡುವುದು ಅಸಾಧ್ಯವಾಯಿತು. ಪ್ರತಿ ಗಣಕಕ್ಕೂ 48 ಬಿಟ್‌ಗಳ ಮ್ಯಾಕ್ ವಿಳಾಸವಿರುತ್ತದೆ. ಯಾವ ವಿಳಾಸ ಯಾವ ಪೋರ್ಟಿನ ಕಡೆಗಿದೆ ಎಂದು ನೋಡಿ ಕಲಿತು, ಆ ಕಡೆಗೆ ಮಾತ್ರ ದತ್ತದ ಪೊಟ್ಟಣವನ್ನು ಕಳುಹಿಸುವ ಪೆಟ್ಟಿಗೆಗಳು ಬಂದವು. ಮೊದಲು ಸೇತುವೆ, ಅಂದರೆ ಬ್ರಿಜ್, ಅನಂತರ ಸ್ವಿಚ್ಚು. ಹಲವು ಪೋರ್ಟುಗಳ ಈಥರ್ನೆಟ್ ಸ್ವಿಚ್ಚನ್ನು 1990ರಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’. ಅದರ ಸ್ಥಾಪಕರಲ್ಲೊಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್. ಪೆಟ್ಟಿಗೆಗಳನ್ನು ಬಳೆಯಾಕಾರದಲ್ಲಿ ಜೋಡಿಸಿದರೆ ಪೊಟ್ಟಣಗಳು ಕೊನೆಯಿಲ್ಲದೆ ಸುತ್ತುವ ಅಪಾಯವಿತ್ತು. ಇದಕ್ಕೆ 1985ರಲ್ಲಿ ರೇಡಿಯಾ ಪರ್ಲ್‌ಮನ್ ‘ಸ್ಪ್ಯಾನಿಂಗ್ ಟ್ರೀ’ ಎಂಬ ಉಪಾಯ ಕೊಟ್ಟರು. ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಸಂದೇಶ ವಿನಿಮಯ ಮಾಡಿಕೊಂಡು, ಯಾವ ದಾರಿಗಳನ್ನು ಮುಚ್ಚಬೇಕೆಂದು ತೀರ್ಮಾನಿಸುತ್ತವೆ. ಮೇಲೆ ಒಬ್ಬ ಯಜಮಾನನಿಲ್ಲ ಎಂಬುದನ್ನು ಗಮನಿಸಿ. ಈ ಅಂಶಕ್ಕೆ ಮತ್ತೆ ಬರೋಣ.

ಮುಂದಿನ ಹೆಜ್ಜೆ ವಿಲ್ಯಾನ್. ಒಂದೇ ಸ್ವಿಚ್ಚನ್ನು ಹಲವು ಸ್ವಿಚ್ಚುಗಳೋ ಎಂಬಂತೆ ಬಳಸುವ ಈ ವಿಧಾನವನ್ನು 1980ರ ದಶಕದಲ್ಲಿ ಬೆಲ್‌ಕೋರ್ ಸಂಸ್ಥೆಯ ಡೇವಿಡ್ ಸಿಂಕೋಸ್ಕಿ ರೂಪಿಸಿದರು. 1998ರಲ್ಲಿ ಅದು ‘802.1ಕ್ಯೂ’ ಎಂಬ ಮಾನಕವಾಯಿತು. ಪ್ರತಿ ಪೊಟ್ಟಣದ ಮೇಲೆ 12 ಬಿಟ್‌ಗಳ ಸಂಖ್ಯೆಯೊಂದನ್ನು ಅಂಟಿಸುತ್ತಾರೆ. 2ರ 12ನೆಯ ಘಾತ 4096. ಮೊದಲ ಮತ್ತು ಕೊನೆಯ ಸಂಖ್ಯೆಗಳು ಕಾದಿರಿಸಿದವು, ಉಳಿಯುವುದು 4094. ಒಂದು ಕಾಲೇಜಿಗೆ ಇದು ಧಾರಾಳ. ಸಾವಿರಾರು ಗಿರಾಕಿಗಳಿರುವ ಬೃಹತ್ ದತ್ತಕೇಂದ್ರಕ್ಕೆ ಸಾಲದು.

2600 ಹರ್ಟ್ಸ್ ಕಲಿಸಿದ ಪಾಠ

ಇಲ್ಲಿ ಸ್ವಲ್ಪ ಹಿಂದೆ ಸರಿದು ದೂರವಾಣಿಯನ್ನು ನೋಡಬೇಕು. ಜಾಲವನ್ನು ಆಳುವವರು ಯಾರು ಎಂಬ ಪ್ರಶ್ನೆಯನ್ನು ಮೊದಲು ಎದುರಿಸಿದ್ದು ದೂರವಾಣಿಯೇ.

1891ರಲ್ಲಿ ಪೇಟೆಂಟ್ ಪಡೆದ ಆಲ್ಮನ್ ಸ್ಟ್ರೌಜರ್‌ನ ಸ್ವಯಂಚಾಲಿತ ವಿನಿಮಯ ಕೇಂದ್ರದಲ್ಲಿ ನೀವು ಡಯಲ್ ತಿರುಗಿಸಿದಂತೆ ಒಂದೊಂದು ವಿದ್ಯುತ್ ಸ್ಪಂದವೂ ಯಂತ್ರದ ತೋಳನ್ನು ಒಂದೊಂದು ಹೆಜ್ಜೆ ಸರಿಸುತ್ತಿತ್ತು. ಮಾತು ಹರಿಯುವ ದಾರಿಯೂ ದಾರಿಯನ್ನು ನಿರ್ಧರಿಸುವ ಬುದ್ಧಿಯೂ ಒಂದೇ ಯಂತ್ರದಲ್ಲಿ ಬೆರೆತಿದ್ದವು. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆ ತಯಾರಿಸುತ್ತಿದ್ದ ಸ್ಟ್ರೌಜರ್ ಯಂತ್ರಗಳ ಟಕಟಕ ಸದ್ದನ್ನು ಕೇಳಿದ ಹಿರಿಯರು ನಿಮ್ಮ ಊರಿನಲ್ಲೂ ಇರಬಹುದು.

ಅಮೆರಿಕದ ದೂರದ ಕರೆಗಳ ವ್ಯವಸ್ಥೆಯಲ್ಲಿ ಈ ಬೆರಕೆಯೇ ಮುಳುವಾಯಿತು. ಖಾಲಿ ಇರುವ ಲೈನಿನಲ್ಲಿ 2600 ಹರ್ಟ್ಸ್ ಆವೃತ್ತಿಯ ಧ್ವನಿಯೊಂದು ಹರಿಯುತ್ತಿತ್ತು. ‘ಈ ಲೈನು ಬಿಡುವಾಗಿದೆ’ ಎಂಬ ನಿಯಂತ್ರಣ ಸಂಕೇತ ಅದು. ಮಾತು ಹೋಗುವ ತಂತಿಯಲ್ಲೇ ಸಂಕೇತವೂ ಹೋಗುತ್ತಿದ್ದುದರಿಂದ, ಗ್ರಾಹಕನೊಬ್ಬ ಅದೇ ಆವೃತ್ತಿಯ ಸಿಳ್ಳೆ ಹಾಕಿದರೆ ಯಂತ್ರ ಮೋಸಹೋಗುತ್ತಿತ್ತು. ತಿಂಡಿಯ ಡಬ್ಬಿಯ ಜೊತೆ ಮಕ್ಕಳಿಗೆ ಕೊಡುತ್ತಿದ್ದ ಆಟಿಕೆಯ ಪೀಪಿಯೊಂದರಿಂದ ಹೊರಡುತ್ತಿದ್ದುದೂ ಇದೇ ಆವೃತ್ತಿ! ಅನೇಕರು ಬಿಟ್ಟಿ ಕರೆ ಮಾಡಿದರು. 1976ರಲ್ಲಿ ಎಟಿ ಅಂಡ್ ಟಿ ಸಂಸ್ಥೆ ನಿಯಂತ್ರಣ ಸಂಕೇತಗಳಿಗೆಂದೇ ಬೇರೆ ಜಾಲವನ್ನು ಜಾರಿಗೆ ತರತೊಡಗಿತು. ಮಾತಿಗೊಂದು ದಾರಿ, ಆಜ್ಞೆಗೊಂದು ದಾರಿ.

ನಮ್ಮ ದೇಶವೂ ಈ ಕಥೆಯ ಹೊರಗಿಲ್ಲ. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ತಂತ್ರಾಂಶದಿಂದ ನಡೆಯುವ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. 128 ಪೋರ್ಟುಗಳ ಅಂಥ ಮೊದಲ ಕೇಂದ್ರ 1986ರ ಜುಲೈಯಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ.

ಹಾಗೆಂದು ನಿಯಂತ್ರಣವನ್ನು ಬೇರ್ಪಡಿಸಿದ ಕೂಡಲೇ ಎಲ್ಲವೂ ಸುಖಾಂತವಾಗಲಿಲ್ಲ. 1990ರ ಜನವರಿ 15ರಂದು ನ್ಯೂಯಾರ್ಕಿನ ಒಂದು ಸ್ವಿಚ್ಚು ಸಣ್ಣ ತೊಂದರೆಯಿಂದ ಚೇತರಿಸಿಕೊಂಡು ‘ನಾನು ಸಿದ್ಧ’ ಎಂದು ನೆರೆಯವರಿಗೆ ಸಂದೇಶ ಕಳುಹಿಸಿತು. ತಂತ್ರಾಂಶದ ಒಂದು ದೋಷದಿಂದಾಗಿ ಆ ಸಂದೇಶವೇ ನೆರೆಯ ಸ್ವಿಚ್ಚುಗಳನ್ನು ಕೆಡವಿತು. ಅವು ಚೇತರಿಸಿಕೊಂಡು ಕಳುಹಿಸಿದ ಸಂದೇಶಗಳು ಮತ್ತಷ್ಟನ್ನು ಕೆಡವಿದವು. ಒಟ್ಟು 114 ಸ್ವಿಚ್ಚುಗಳು. ಸುಮಾರು 9 ಗಂಟೆಗಳ ಕಾಲ ದೂರದ ಕರೆಗಳು ಅಸ್ತವ್ಯಸ್ತವಾದವು. ಬೆರೆಸಿದರೆ ಒಂದು ಅಪಾಯ, ಬೇರ್ಪಡಿಸಿದರೆ ಇನ್ನೊಂದು. ಈ ಎರಡನ್ನೂ ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಮಿಥ್ಯಾ ಗಣಕಕ್ಕೆ ಮಿಥ್ಯಾ ಜಾಲ

ದರ್ಪಣದಲ್ಲಿ ಕಾಣುವ ಬಿಂಬವನ್ನು ನಾವು ಮಿಥ್ಯಾ ಬಿಂಬ ಎನ್ನುತ್ತೇವೆ. ಪರದೆಯ ಮೇಲೆ ಹಿಡಿಯಲು ಬಾರದಿದ್ದರೂ ಅದು ಸುಳ್ಳಲ್ಲ. ಅದರ ಸ್ಥಾನವನ್ನು ಲೆಕ್ಕ ಹಾಕಬಹುದು. ಮಿಥ್ಯಾ ಗಣಕವೂ ಹಾಗೆಯೇ. ಒಂದು ಗಣಕವನ್ನು ತಂತ್ರಾಂಶದ ಮೂಲಕ ಹಲವು ಗಣಕಗಳಾಗಿ ತೋರಿಸುವ ತಂತ್ರವನ್ನು ಐಬಿಎಂ 1960ರ ದಶಕದಲ್ಲೇ ಸಾಧಿಸಿತ್ತು. ಸಾಮಾನ್ಯ ಗಣಕಗಳಿಗೆ ಅದನ್ನು ತಂದದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್, 2003ರ ಝೆನ್ ಮತ್ತು 2007ರಲ್ಲಿ ಲಿನಕ್ಸ್ ಸೇರಿದ ಕೆವಿಎಂ.

ಮಿಥ್ಯಾ ಗಣಕವನ್ನು ನಿಮಿಷದಲ್ಲಿ ಹುಟ್ಟಿಸಬಹುದು. ಓಡುತ್ತಿರುವಾಗಲೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಬಹುದು. ಜಾಲವೇ ಹಿಂದುಳಿಯಿತು. ಗಣಕ ಸ್ಥಳ ಬದಲಿಸಿದಾಗಲೆಲ್ಲ ಸ್ವಿಚ್ಚುಗಳ ಸಂರಚನೆಯನ್ನು ಕೈಯಾರೆ ತಿದ್ದಬೇಕಿತ್ತು.

ಪರಿಹಾರ ಬಂದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಡೆಯಿಂದ. ಸಂಶೋಧನ ವಿದ್ಯಾರ್ಥಿ ಮಾರ್ಟಿನ್ ಕಸಾಡೊ, ಪ್ರಾಧ್ಯಾಪಕ ನಿಕ್ ಮೆಕಿಯೋನ್ ಮತ್ತು ಬರ್ಕ್‌ಲಿಯ ಸ್ಕಾಟ್ ಶೆಂಕರ್ ಅವರ ವಿಚಾರ ಸರಳವಾಗಿತ್ತು: ಸ್ವಿಚ್ಚು ಪೊಟ್ಟಣಗಳನ್ನು ಸಾಗಿಸಲಿ, ಯಾವುದು ಎಲ್ಲಿಗೆ ಎಂಬುದನ್ನು ಹೊರಗಿನ ನಿಯಂತ್ರಕವೊಂದು ತೀರ್ಮಾನಿಸಲಿ. 1976ರ ದೂರವಾಣಿಯ ಪಾಠವೇ ಹೊಸ ರೂಪದಲ್ಲಿ! 2008ರಲ್ಲಿ ‘ಓಪನ್‌ಫ್ಲೋ’ ಪ್ರಬಂಧ ಪ್ರಕಟವಾಯಿತು. ಈ ಮೂವರು 2007ರಲ್ಲಿ ಕಟ್ಟಿದ ನಿಸಿರಾ ಕಂಪನಿಯಿಂದ ‘ಓಪನ್ ವಿಸ್ವಿಚ್’ ಎಂಬ ಮುಕ್ತ ತಂತ್ರಾಂಶದ ಸ್ವಿಚ್ಚು 2009ರಲ್ಲಿ ಹೊರಬಂತು. 2012ರಲ್ಲಿ ಅದರ ತಿರುಳು ಲಿನಕ್ಸ್ ಕರ್ನಲ್‌ಗೆ ಸೇರಿತು. ಅದೇ ವರ್ಷ ವಿಎಂವೇರ್ 126 ಕೋಟಿ ಡಾಲರಿಗೆ ನಿಸಿರಾವನ್ನು ಕೊಂಡಿತು.

4094ರ ಮಿತಿಯನ್ನು ಮೀರಲು ಬಂದದ್ದು ವಿಎಕ್ಸ್‌ಲ್ಯಾನ್. ಮಲ್ಲಿಕ್ ಮಹಾಲಿಂಗಂ ಮೊದಲ ಲೇಖಕರಾಗಿರುವ ಅದರ ವಿವರಣೆ 2014ರ ಆಗಸ್ಟಿನಲ್ಲಿ ಆರ್‌ಎಫ್‌ಸಿ 7348 ಎಂದು ಪ್ರಕಟವಾಯಿತು. ಇದು ಲಕೋಟೆಯೊಳಗೆ ಲಕೋಟೆ ಇಡುವ ವಿಧಾನ. ಮಿಥ್ಯಾ ಗಣಕದ ಪೊಟ್ಟಣವನ್ನು ಹಾಗೆಯೇ ಇನ್ನೊಂದು ಪೊಟ್ಟಣದಲ್ಲಿಟ್ಟು ಕಳುಹಿಸುತ್ತಾರೆ. ಆ ಕೊನೆಯಲ್ಲಿ ಹೊರಗಿನ ಲಕೋಟೆಯನ್ನು ಒಡೆಯುತ್ತಾರೆ. ಲಕೋಟೆಯ ಮೇಲಿನ ಜಾಲಸಂಖ್ಯೆಗೆ 24 ಬಿಟ್‌ಗಳಿವೆ. 2ರ 24ನೆಯ ಘಾತ 1,67,77,216. ಅಂದರೆ ಒಂದೂವರೆ ಕೋಟಿಗೂ ಹೆಚ್ಚು ಜಾಲಗಳು! ಲಕೋಟೆ ಹಾಕುವ, ಒಡೆಯುವ ತಾಣವೇ ‘ವಿಟೆಪ್’, ಎಂದರೆ ಸುರಂಗದ ಬಾಯಿ.

ಬಾಗಿಲಿಗೊಬ್ಬ ಕಾವಲುಗಾರ

ಎಲ್ಲ ಗಣಕಗಳೂ ಮಿಥ್ಯಾ ಗಣಕಗಳಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪ್ರಯೋಗಾಲಯದ ಉಪಕರಣವನ್ನು ಮಿಥ್ಯೆ ಮಾಡಲಾಗದು. ಹಳೆಯ ದತ್ತಸಂಚಯದ ಯಂತ್ರ, ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆ ಇವುಗಳಿಗೂ ತಂತಿಯೇ ಗತಿ. ಇವನ್ನು ಮಿಥ್ಯಾ ಜಾಲಕ್ಕೆ ಸೇರಿಸಬೇಕಾದರೆ ಸುರಂಗದ ಬಾಯಿಯಾಗಬಲ್ಲ ಭೌತಿಕ ಸ್ವಿಚ್ಚು ಬೇಕು. ಅದಕ್ಕೆ ಮಿಥ್ಯಾ ಲೋಕದ ಸುದ್ದಿ ಮುಟ್ಟಿಸುವವರೂ ಬೇಕು.

ಸುದ್ದಿ ಮುಟ್ಟಿಸುವ ಭಾಷೆ ಓವಿಎಸ್‌ಡಿಬಿ. ಬೆನ್ ಫಾಫ್ ಮತ್ತು ಬ್ರೂಸ್ ಡೇವಿ ಬರೆದ ಅದರ ವಿವರಣೆ 2013ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 7047 ಆಗಿ ಬಂತು. ಇಲ್ಲಿ ‘ಹೀಗೆ ಮಾಡು, ಹಾಗೆ ಮಾಡು’ ಎಂಬ ಆಜ್ಞೆಗಳಿಲ್ಲ. ಎಲ್ಲವೂ ಕೋಷ್ಟಕಗಳು. ‘ಇರಬೇಕಾದ ಸ್ಥಿತಿ ಇದು’ ಎಂದು ಕೋಷ್ಟಕದಲ್ಲಿ ಬರೆದರೆ, ಅದನ್ನು ಓದಿ ತನ್ನ ಸ್ಥಿತಿಯನ್ನು ಸರಿಪಡಿಸಿಕೊಳ್ಳುವುದು ಯಂತ್ರದ ಹೊಣೆ. 2015ರ ಜನವರಿಯಲ್ಲಿ ಓಪನ್ ವಿಸ್ವಿಚ್ ತಂಡ ‘ಓವಿಎನ್’ ಎಂಬ ಮಿಥ್ಯಾ ಜಾಲದ ಯೋಜನೆಯನ್ನು ಪ್ರಕಟಿಸಿತು. ಅದರಲ್ಲಿ ಎರಡು ದತ್ತಸಂಚಯಗಳು. ಉತ್ತರದ್ದರಲ್ಲಿ ನಮಗೆ ಬೇಕಾದ ಜಾಲದ ಚಿತ್ರ. ದಕ್ಷಿಣದ್ದರಲ್ಲಿ ಯಾವುದು ಎಲ್ಲಿದೆ ಎಂಬ ವಿವರ. ನಮ್ಮ ಡೀಮನ್ ಮೇಲ್ಗಡೆ ದಕ್ಷಿಣದ ದತ್ತಸಂಚಯಕ್ಕೂ ಕೆಳಗಡೆ ಸ್ವಿಚ್ಚಿನ ವಿಟೆಪ್ ದತ್ತಸಂಚಯಕ್ಕೂ ಕೈ ಚಾಚಿ ನಡುವೆ ಕುಳಿತಿರುತ್ತದೆ.

ಸಜ್ಜುಗೊಳಿಸುವ ಹಂತಗಳು

ಡೀಮನ್‌ಗೆ ಮೊದಲು ಹೇಳಬೇಕಾದದ್ದು ಎರಡು ವಿಳಾಸಗಳು: ವಿಟೆಪ್ ದತ್ತಸಂಚಯ ಎಲ್ಲಿದೆ, ಓವಿಎನ್‌ನ ದಕ್ಷಿಣ ದತ್ತಸಂಚಯ ಎಲ್ಲಿದೆ. ವಿಳಾಸ ಮೂರು ಬಗೆಯದಿರಬಹುದು: ಅದೇ ಯಂತ್ರದೊಳಗಿನ ಯುನಿಕ್ಸ್ ಸಾಕೆಟ್, ತೆರೆದ ಟಿಸಿಪಿ, ಅಥವಾ ಗೂಢಲಿಪಿಯ ರಕ್ಷಣೆಯುಳ್ಳ ಎಸ್‌ಎಸ್‌ಎಲ್. ಏನೂ ಹೇಳದಿದ್ದರೆ ತನ್ನ ಯಂತ್ರದೊಳಗಿನ ಸಾಕೆಟ್ಟನ್ನೇ ಅದು ಹುಡುಕುತ್ತದೆ. ಎಸ್‌ಎಸ್‌ಎಲ್ ಬಳಸುವುದಾದರೆ ಖಾಸಗಿ ಕೀಲಿ, ಪ್ರಮಾಣಪತ್ರ, ಪ್ರಮಾಣಪತ್ರ ನೀಡಿದವರ ಗುರುತು ಈ ಮೂರನ್ನೂ ಒದಗಿಸಬೇಕು.

ಮುಂದಿನ ಕ್ರಮ ಹೀಗಿದೆ. ನಿರ್ವಾಹಕ ತನ್ನ ಸ್ವಿಚ್ಚನ್ನು ವಿಟೆಪ್ ದತ್ತಸಂಚಯದ ‘ಭೌತಿಕ ಸ್ವಿಚ್ಚು’ ಕೋಷ್ಟಕದಲ್ಲಿ ನೋಂದಾಯಿಸುತ್ತಾನೆ. ಡೀಮನ್ ಅದನ್ನು ಕಂಡು, ‘ಹೊಸ ನೆಲೆಯೊಂದು ಬಂದಿದೆ’ ಎಂದು ದಕ್ಷಿಣ ದತ್ತಸಂಚಯದಲ್ಲಿ ದಾಖಲಿಸುತ್ತದೆ. ಬಳಿಕ ನಿರ್ವಾಹಕ ‘ತಾರ್ಕಿಕ ಸ್ವಿಚ್ಚು’ ಒಂದನ್ನು ಸೃಷ್ಟಿಸಿ, ಇಂಥ ಪೋರ್ಟಿನ ಇಂಥ ವಿಲ್ಯಾನ್ ಇದಕ್ಕೆ ಸೇರಿದ್ದು ಎಂದು ಕಟ್ಟುತ್ತಾನೆ. ಈ ಹಂತದಲ್ಲಿ ಸುರಂಗದ ಸಂಖ್ಯೆ ಇನ್ನೂ ಖಾಲಿ. ಬಳಿಕ ಓವಿಎನ್‌ನ ಉತ್ತರ ದತ್ತಸಂಚಯದಲ್ಲಿ ‘ವಿಟೆಪ್’ ಬಗೆಯ ಪೋರ್ಟೊಂದನ್ನು ಸೇರಿಸಿ, ಭೌತಿಕ ಸ್ವಿಚ್ಚಿನ ಹೆಸರನ್ನೂ ತಾರ್ಕಿಕ ಸ್ವಿಚ್ಚಿನ ಹೆಸರನ್ನೂ ನಮೂದಿಸಬೇಕು. ಹೆಸರುಗಳು ಅಕ್ಷರಶಃ ಹೊಂದಬೇಕು. ಆಗ ಡೀಮನ್ ಎರಡು ತುದಿಗಳನ್ನೂ ಗಂಟುಹಾಕಿ ಸುರಂಗದ ಸಂಖ್ಯೆಯನ್ನು ತಾನೇ ತುಂಬುತ್ತದೆ. ಒಂದೇ ತಾರ್ಕಿಕ ಸ್ವಿಚ್ಚನ್ನು ಎರಡು ಮಿಥ್ಯಾ ಜಾಲಗಳಿಗೆ ಕಟ್ಟಲು ಹೋದರೆ ಒಪ್ಪದೆ, ದಿನಚರಿ ಕಡತದಲ್ಲಿ ಎಚ್ಚರಿಕೆ ಬರೆಯುತ್ತದೆ.

ಅನಂತರವೂ ಅದಕ್ಕೆ ಬಿಡುವಿಲ್ಲ. ಮಿಥ್ಯಾ ಗಣಕಗಳು ಹುಟ್ಟಿದಂತೆ, ಸಾಯುವಂತೆ, ಸ್ಥಳ ಬದಲಿಸಿದಂತೆ ಅವುಗಳ ಮ್ಯಾಕ್ ವಿಳಾಸಗಳ ಪಟ್ಟಿಯನ್ನು ಸ್ವಿಚ್ಚಿನ ಕೋಷ್ಟಕದಲ್ಲಿ ತಿದ್ದುತ್ತಲೇ ಇರುತ್ತದೆ. ಕ್ರಮವಾಗಿ ನಿಲ್ಲಿಸಿದರೆ ತಾನು ಬರೆದದ್ದನ್ನೆಲ್ಲ ಅಳಿಸಿ ಹೋಗುತ್ತದೆ. ಆದ್ದರಿಂದ ಕೆಲಸದ ವೇಳೆಯಲ್ಲಿ ಸುಮ್ಮನೆ ನಿಲ್ಲಿಸಿ ನೋಡುವ ಕುತೂಹಲ ಬೇಡ, ಬಾಗಿಲೇ ಮುಚ್ಚಿಹೋಗುತ್ತದೆ.

ಐವತ್ತು ಬೈಟುಗಳು ಮತ್ತು ಒಂದು ತೆರೆದ ಬಾಗಿಲು

ನಮ್ಮ ಪ್ರಯೋಗಾಲಯದ ಒಂದು ಅನುಭವವನ್ನು ಹೇಳಲೇಬೇಕು. ಎಕ್ಸ್-ಕಿರಣ ವಿವರ್ತನೆಯ ಉಪಕರಣಕ್ಕೆ ಅಂಟಿಕೊಂಡ ಹಳೆಯ ಗಣಕವನ್ನು, ಮಿಥ್ಯಾ ಜಾಲದಲ್ಲಿದ್ದ ಕಡತಗಳ ಸರ್ವರ್‌ಗೆ ಹೀಗೆಯೇ ಜೋಡಿಸಿದೆವು. ಸಂಪರ್ಕ ಪರೀಕ್ಷೆ ಸರಿಹೋಯಿತು. ಕಡತಗಳ ಪಟ್ಟಿಯೂ ಬಂತು. ಆದರೆ ವಿದ್ಯಾರ್ಥಿಯೊಬ್ಬ ರಾತ್ರಿಯಿಡೀ ತೆಗೆದ ದತ್ತವನ್ನು ಕಳುಹಿಸಲು ಹೊರಟರೆ ಅರ್ಧದಲ್ಲೇ ನಿಂತಿತು. ಮೂರು ದಿನ ಡೀಮನ್ನನ್ನೇ ಶಂಕಿಸಿದೆವು. ತಪ್ಪು ನಮ್ಮ ಅಂಕಗಣಿತದ್ದು.

ಈಥರ್ನೆಟ್‌ನಲ್ಲಿ ಒಂದು ಪೊಟ್ಟಣದ ಹೊರೆ ಸಾಮಾನ್ಯವಾಗಿ 1500 ಬೈಟು ಮೀರುವಂತಿಲ್ಲ. ಅದನ್ನು ಲಕೋಟೆಗೆ ಹಾಕಿದಾಗ ಒಳಗಿನ ಈಥರ್ನೆಟ್ ಶಿರೋಲೇಖ 14, ವಿಎಕ್ಸ್‌ಲ್ಯಾನ್ 8, ಯುಡಿಪಿ 8, ಐಪಿ 20, ಒಟ್ಟು 50 ಬೈಟು ಸೇರುತ್ತದೆ. 1500 ಹೋಗಿ 1550 ಆಯಿತು. ದಾರಿಯ ಸ್ವಿಚ್ಚುಗಳು ಅದನ್ನು ಸದ್ದಿಲ್ಲದೆ ಕೈಬಿಟ್ಟವು. ಚಿಕ್ಕ ಪೊಟ್ಟಣ ನುಸುಳಿತು, ದೊಡ್ಡದು ಸಿಕ್ಕಿಬಿತ್ತು. ದಾರಿಯುದ್ದಕ್ಕೂ ಮಿತಿಯನ್ನು 1600ಕ್ಕೆ ಏರಿಸಿದ ಮೇಲೆ ದತ್ತ ಹರಿಯಿತು. ಮಿಥ್ಯಾ ಜಾಲವೂ ತಂತಿಯ ಮೇಲೆಯೇ ನಿಂತಿದೆ ಎಂಬುದನ್ನು ಈ 50 ಬೈಟು ಕಲಿಸಿದಷ್ಟು ಚೆನ್ನಾಗಿ ಯಾವ ಉಪನ್ಯಾಸವೂ ಕಲಿಸಲಿಲ್ಲ.

ಅದೇ ಪರಿಶೀಲನೆಯಲ್ಲಿ ಇನ್ನೊಂದು ತಪ್ಪೂ ಕಂಡಿತು. ಅದು ಮೊದಲನೆಯದಕ್ಕಿಂತ ದೊಡ್ಡದು. ಪರೀಕ್ಷೆಗೆಂದು ಟಿಸಿಪಿ ಬಾಗಿಲನ್ನು ತೆರೆದಿಟ್ಟು, ಮುಚ್ಚಲು ಮರೆತಿದ್ದೆವು. ಗಣಕಗಳು ಬಳಸುವ ಜಾಲದಲ್ಲೇ ಅದು ತೆರೆದಿತ್ತು. ಜಾಲದಲ್ಲಿದ್ದ ಯಾರು ಬೇಕಾದರೂ ಕೋಷ್ಟಕದಲ್ಲಿ ತಮ್ಮ ವಿಳಾಸ ಬರೆದು ಇತರರ ದತ್ತವನ್ನು ತಮ್ಮತ್ತ ತಿರುಗಿಸಿಕೊಳ್ಳಬಹುದಿತ್ತು. 2600 ಹರ್ಟ್ಸಿನ ಪೀಪಿಯನ್ನು ನಾವೇ ಮೇಜಿನ ಮೇಲಿಟ್ಟು ಹೋದಂತೆ! ಅಂದೇ ಎಸ್‌ಎಸ್‌ಎಲ್‌ಗೆ ಬದಲಾದೆವು; ನಿಯಂತ್ರಣಕ್ಕೆ ಬೇರೆ ವಿಲ್ಯಾನ್ ಕೊಟ್ಟೆವು.

ಇನ್ನೊಂದು ದಾರಿ

ಒಂದು ಕೇಂದ್ರದಲ್ಲಿ ಎಲ್ಲ ಅರಿವನ್ನೂ ಕೂಡಿಡುವುದೇ ಏಕೈಕ ದಾರಿಯಲ್ಲ. ಪರ್ಲ್‌ಮನ್ ಅವರ ಪೆಟ್ಟಿಗೆಗಳಂತೆ ಸ್ವಿಚ್ಚುಗಳು ತಮ್ಮತಮ್ಮಲ್ಲೇ ವಿಳಾಸಗಳನ್ನು ಹೇಳಿಕೊಳ್ಳುವ ‘ಇವಿಪಿಎನ್’ ವಿಧಾನ 2015ರಲ್ಲಿ ಆರ್‌ಎಫ್‌ಸಿ 7432 ಆಗಿ ಬಂತು. 2018ರ ಆರ್‌ಎಫ್‌ಸಿ 8365 ಅದನ್ನು ವಿಎಕ್ಸ್‌ಲ್ಯಾನ್‌ನಂಥ ಸುರಂಗಗಳಿಗೂ ಹೊಂದಿಸಿತು. ದತ್ತಕೇಂದ್ರಗಳಲ್ಲಿ ಇಂದು ಅದು ವ್ಯಾಪಕ ಬಳಕೆಯಲ್ಲಿದೆ. ಕೇಂದ್ರದ ನಿಯಂತ್ರಕ ಇಡೀ ಚಿತ್ರವನ್ನು ಕಾಣುತ್ತದೆ. ಅದು ಕೆಟ್ಟರೆ ಕೇಡೂ ದೊಡ್ಡದು. ಹಂಚಿದ ಅರಿವು ಸುಲಭಕ್ಕೆ ಕುಸಿಯದು. ಆದರೆ ತಪ್ಪಾದಾಗ ಎಲ್ಲಿ ತಪ್ಪಿತೆಂದು ಹುಡುಕುವುದು ಕಷ್ಟ. ಎರಡೂ ದಾರಿಗಳು ಬದುಕಿವೆ.

ಕೊನೆಗೆ ಮತ್ತೆ ಮ್ಯಾಕ್ಸ್‌ವೆಲ್‌ನ ಭೂತ. ಅದು ಎರಡನೆಯ ನಿಯಮವನ್ನು ಏಕೆ ಮುರಿಯಲಾರದು? 1929ರಲ್ಲಿ ಲಿಯೊ ಸಿಲಾರ್ಡ್, 1961ರಲ್ಲಿ ರೋಲ್ಫ್ ಲ್ಯಾಂಡೌವರ್, 1982ರಲ್ಲಿ ಚಾರ್ಲ್ಸ್ ಬೆನೆಟ್ ಹಂತಹಂತವಾಗಿ ಉತ್ತರ ಕೊಟ್ಟರು. ಭೂತಕ್ಕೆ ಅಣುಗಳ ಬಗೆಗೆ ಅರಿವು ಬೇಕು. ಆ ಅರಿವನ್ನು ಅಳಿಸಲು ಪ್ರತಿ ಬಿಟ್‌ಗೂ ಕನಿಷ್ಠ ಇಷ್ಟೆಂದು ಶಕ್ತಿ ತೆರಬೇಕು. ಕೋಣೆಯ ತಾಪದಲ್ಲಿ ಅದು ಸುಮಾರು 3 × 10⁻²¹ ಜೂಲ್. ನಮ್ಮ ಡೀಮನ್ ಓಡುವ ಯಂತ್ರ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬಳಸುತ್ತದೆ. ಹೋಲಿಕೆ ಇರುವುದು ತತ್ತ್ವದಲ್ಲಿ. ಬಾಗಿಲು ಕಾಯುವವನ ಬಲ ಅವನ ಅರಿವಿನಲ್ಲಿದೆ, ಅರಿವಿಗೆ ಬೆಲೆಯಿದೆ.

ಅಧ್ಯಾಪಕ ಮಿತ್ರರೆ, ‘ಕ್ಲೌಡ್’ ಎಂಬುದು ಆಕಾಶದಲ್ಲಿ ತೇಲುತ್ತಿದೆ ಎಂದು ನಂಬುವ ವಿದ್ಯಾರ್ಥಿ ನಿಮ್ಮ ತರಗತಿಯಲ್ಲೂ ಇರಬಹುದು. ಅವನನ್ನು ಕಾಲೇಜಿನ ಸ್ವಿಚ್ಚಿರುವ ಕಪಾಟಿನ ಬಳಿಗೆ ಕರೆದೊಯ್ಯಿರಿ. ವಿಟೆಪ್ ಸ್ವಿಚ್ಚು ಕೊಳ್ಳಲು ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಓಪನ್ ವಿಸ್ವಿಚ್ ಜೊತೆಯಲ್ಲೇ ಬರುವ ‘ಓವಿಎಸ್-ವಿಟೆಪ್’ ಎಂಬ ಅನುಕರಣ ತಂತ್ರಾಂಶ ಲಿನಕ್ಸ್ ಗಣಕವೊಂದನ್ನು ಅಂಥ ಸ್ವಿಚ್ಚಿನಂತೆ ನಡೆಸುತ್ತದೆ. ಹಂತಗಳನ್ನು ವಿದ್ಯಾರ್ಥಿಗಳೇ ಮಾಡಲಿ. ಪ್ರತಿ ಹಂತದ ಬಳಿಕ ಕೋಷ್ಟಕದಲ್ಲಿ ಏನು ಬದಲಾಯಿತೆಂದು ಬರೆದಿಡಲಿ. ಡೀಮನ್ನನ್ನು ಅವರೇ ನಿಲ್ಲಿಸಿ ನೋಡಲಿ. ಕೋಷ್ಟಕ ಖಾಲಿಯಾದುದನ್ನು ಕಂಡಾಗ, ಅಷ್ಟು ಹೊತ್ತು ಅದನ್ನು ತುಂಬುತ್ತಿದ್ದವರು ಯಾರೆಂದು ಅವರೇ ಹೇಳುತ್ತಾರೆ.